ಕಾಗದದ ತಾಟಿನ ಆಡು

ಹೊಸ ಪೇಪರ್ ಪ್ಲೇಟುಗಳ ಕಟ್ಟು ಬಿಚ್ಚಿದ ಕೂಡಲೇ ಒಂದು ವಾಸನೆ ಬರುತ್ತದೆ. ನೀವು ಗಮನಿಸಿರಲಿಕ್ಕಿಲ್ಲ. ಮದುವೆ ಮನೆಯಲ್ಲಿ ಶಿರಾ, ಉಪ್ಪಿಟ್ಟು ಹಾಕಿಯೇ ಅದನ್ನು ನಿಮ್ಮ ಕೈಗೆ ಕೊಡುತ್ತಾರಾದ್ದರಿಂದ ಬರೀ ಪ್ಲೇಟನ್ನು ಮೂಸುವ ಪ್ರಸಂಗ ಸಜ್ಜನರಿಗೆ ಬರುವುದಿಲ್ಲ. ಒಣ ರಟ್ಟಿನ ವಾಸನೆ, ಒಂಚೂರು ಅಂಟಿನದು, ಜೊತೆಗೆ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಾಗ ಏಳುವ ಕಮಟು. ನನಗೆ ಮಾತ್ರ ಈ ವಾಸನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾನು ಭಾಲ್ಕಿಯ ಒಂದು ಸಣ್ಣ ನರ್ಸರಿ ಶಾಲೆಯ ಟೀಚರು. ಶನಿವಾರ ಬಂತೆಂದರೆ ನಮ್ಮಲ್ಲಿ ಪೇಪರ್ ಪ್ಲೇಟಿನ ಪ್ರಾಣಿ.

ನಮ್ಮ ದೊಡ್ಡ ಟೀಚರು ಮೊಬೈಲಿನಲ್ಲಿ ಯಾವುದೋ ದೇಶದ ಸಿಂಹವನ್ನು ತೋರಿಸುತ್ತಾರೆ. ನಡುವೆ ನಗುವ ಮುಖ, ಸುತ್ತ ಕತ್ತರಿಸಿದ ಕೇಸರ, ಎಲ್ಲ ಅಚ್ಚುಕಟ್ಟು. ನಾನು ಮಾಡಿ ತೋರಿಸಿದ ಸಿಂಹ ಕ್ಷೌರಕ್ಕೆ ಹೊರಟ ನಮ್ಮ ಮಾವನವರ ಹಾಗೆ ಕಾಣುತ್ತದೆ. ಮಕ್ಕಳು ಮಾಡಿದ್ದನ್ನು ಏನೆಂದು ಹೇಳುವುದು ಕಷ್ಟ. ಅಂಟು ಪ್ಲೇಟಿಗಿಂತ ಹೆಚ್ಚಾಗಿ ಮೊಣಕೈಗೆ, ಕೂದಲಿಗೆ, ಪಕ್ಕದವನ ಅಂಗಿಗೆ ಹತ್ತಿರುತ್ತದೆ. ಒಬ್ಬಳು ಮೂಗನ್ನು ಮಾಡಿ ಅದನ್ನು ತಿಂದುಬಿಡುತ್ತಾಳೆ. ಇನ್ನೊಬ್ಬ ಕಣ್ಣಿಲ್ಲದ ಸಿಂಹ ತಂದು, "ಟೀಚರ್, ಇದು ಮಲಕೊಂಡದ" ಎನ್ನುತ್ತಾನೆ. ನಾನು ನಗುತ್ತೇನೆ. ಮಕ್ಕಳೊಡನೆ ನಗುವುದಕ್ಕೇ ನನಗೆ ಸಂಬಳ.

ಆದರೆ ಕಟ್ಟು ಬಿಚ್ಚುವಾಗ ಆ ವಾಸನೆ ಮೂಗಿಗೆ ಬಡಿದರೆ ಒಂದು ಗಳಿಗೆ ನನ್ನ ಮುಖ ಗಂಟಾಗುತ್ತದಂತೆ. ಅದು ಬೀದರಿನ ಚಿದ್ರಿಯಲ್ಲಿದ್ದ ನನ್ನ ಸೋದರತ್ತೆಯ ಮನೆಯ ವಾಸನೆ.

ನಮ್ಮ ಊರು ಔರಾದ ತಾಲೂಕಿನದು, ಸಂತಪುರದಿಂದ ಒಳಗೆ ನಡೆದು ಹೋಗಬೇಕು. ನಾನು ಹತ್ತರ ಆಸುಪಾಸಿನಲ್ಲಿದ್ದಾಗ ಎರಡು ವರ್ಷ ಬೆನ್ನಿಗೆ ಬೆನ್ನು ಮಳೆ ಕೈಕೊಟ್ಟಿತು. ಹೊಲ ನಮ್ಮದಾಗಿರಲಿಲ್ಲ, ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ದುಡಿಯುವವರು. ಹೊಲದವರೇ ಬಾಗಿಲಲ್ಲಿ ಕೂತು ಆಕಾಶ ನೋಡುವಾಗ ಕೂಲಿಯವರನ್ನು ಯಾರು ಕರೆಯುತ್ತಾರೆ? ಓಣಿಯಲ್ಲಿ ಒಂದೊಂದೇ ಮನೆಗೆ ಕೀಲಿ ಬಿತ್ತು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು ಆ ವರ್ಷ ಅಲ್ಲಿಯೂ ಕಬ್ಬಿಲ್ಲವೆಂದು ಹೈದರಾಬಾದಿಗೆ ಹೊರಟರು, ಕಟ್ಟಡದ ಕೆಲಸಕ್ಕೆ. ಅಪ್ಪ ಅವ್ವ ಕೂಡ ಹೊರಟರು. ಹಿಂದಿನ ವರ್ಷ ನಮ್ಮ ಓಣಿಯದೇ ಒಂದು ಕೂಸು ಕೆಲಸದ ಜಾಗದ ನೀರಿನ ಹೊಂಡದಲ್ಲಿ ಬಿದ್ದು ಸತ್ತಿತ್ತು. ಅದಕ್ಕೇ ಅವ್ವ ನಮ್ಮಿಬ್ಬರನ್ನು ಕರೆದೊಯ್ಯಲು ಒಪ್ಪಲಿಲ್ಲ. ಇಬ್ಬರು ಎಂದರೆ ನಾನು ಮತ್ತು ನನ್ನ ತಮ್ಮ ಸಿದ್ದು. ಸಿದ್ದಾರ್ಥ ಎಂದು ಹೆಸರು. ಇನ್ನೂ ಚಡ್ಡಿ ತಾನೇ ಏರಿಸಿಕೊಳ್ಳಲು ಬಾರದ ವಯಸ್ಸು.

ಹೋಗುವ ಮುನ್ನ ಅಪ್ಪ ನಮ್ಮ ಆಡನ್ನು ಔರಾದ ಸಂತೆಗೆ ಹೊಡೆದುಕೊಂಡು ಹೋದ. ಕಪ್ಪು ಆಡು, ಒಂದು ಕಿವಿ ಬಿಳಿ. ಸಿದ್ದು ಅದರ ಹಾಲು ಕುಡಿದೇ ಬೆಳೆದವ. ಮಧ್ಯಾಹ್ನ ಅದರ ಹೊಟ್ಟೆಗೆ ತಲೆಯಿಟ್ಟು ಮಲಗುತ್ತಿದ್ದ. ಅದು ಮೇಯಲು ಹೋಗಿದೆ ಎಂದುಕೊಂಡ. ಬಸ್ಸಿನಲ್ಲಿಯೂ, "ಆಡು ಹ್ಯಾಂಗ ಬರ್ತದ? ಅದಕ್ಕ ದಾರಿ ಗೊತ್ತಿಲ್ಲ" ಎಂದು ಕೇಳುತ್ತಲೇ ಇದ್ದ. 

ಶಾಂತತ್ತೆ ನಮ್ಮಪ್ಪನ ಅಕ್ಕ. ಮಾಮಾ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಚಿದ್ರಿಯಲ್ಲಿ ಎರಡು ಕೋಣೆಯ ಮನೆ, ಗೋಡೆಗೆ ಬುದ್ಧನ ಫೋಟೋ, ಮುಂದಿನ ಕೋಣೆಯಲ್ಲಿ ಪ್ಲೇಟು ಒತ್ತುವ ಮಶೀನು. ಒಂದು ಮಗ್ಗುಲಿಗೆ ಬೆಳ್ಳಿ ಬಣ್ಣ ಬಳಿದ ಬಿಳಿ ರಟ್ಟಿನ ಬಿಲ್ಲೆಯನ್ನು ಕಾದ ಅಚ್ಚಿನ ನಡುವೆ ಇಟ್ಟು ಅತ್ತೆ ಕಾಲಿನಿಂದ ತುಳಿದರೆ ಅಂಚಿಗೆ ನಿರಿಗೆ ಬಿದ್ದ ತಾಟು ಹೊರಬರುತ್ತಿತ್ತು. ಅತ್ತೆ ಅದನ್ನು ತಾಟು ಎಂದೇ ಅನ್ನುತ್ತಿದ್ದಳು. ಅಚ್ಚು ಹೆಚ್ಚು ಕಾದರೆ ಅಂಚು ಸೀಳಿ ತಾಟು ಕೆಡುತ್ತಿತ್ತು. ಕೆಟ್ಟವು ಮೂಲೆಯ ಚೀಲಕ್ಕೆ, ರದ್ದಿಗೆ. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಆ ಮನೆಯಲ್ಲಿ ಎಲ್ಲವೂ ಇಟ್ಟಲ್ಲೇ ಇರುತ್ತಿದ್ದುದನ್ನು ನೋಡಿದರೆ ಗೊತ್ತಾಗುತ್ತಿತ್ತು.

"ಮಳಿ ಬೀಳೋತನ ಇರ್ಲಿ ಅಕ್ಕಾ. ಮಳಿ ಬಿದ್ದ ಮ್ಯಾಲ ಬಂದು ಒಯ್ತೀವಿ" ಎಂದ ಅಪ್ಪ.

"ಇರ್ಲಿ ಬಿಡು. ನಾ ಏನ್ ಹೊರಗಿನಾಕಿ?" ಎಂದಳು ಅತ್ತೆ.

ಅವ್ವ ನನ್ನನ್ನು ನಳದ ಹತ್ತಿರ ಕರೆದೊಯ್ದು ಗಲ್ಲ ಹಿಡಿದಳು. "ತಮ್ಮಗ ಅಳಸಬ್ಯಾಡ. ಅಂವ ಅತ್ತರ ಅತ್ತಿಗಿ ಬ್ಯಾಸರ ಆಗ್ತದ. ಬ್ಯಾಸರ ಆದ್ರ ಕಳಸ್ತಾಳ. ಕಳಸಿದ್ರ ನಾವು ಎಲ್ಲಿ ಇಟ್ಕೊಳ್ಳೋದು ಹೇಳು? ನಿನ್ನ ಮ್ಯಾಲ ಬಿಟ್ಟು ಹೊಂಟೀನಿ."

ನನ್ನ ಇಡೀ ಆಯುಷ್ಯದಲ್ಲಿ ನನಗೆ ಒಪ್ಪಿಸಿದ ಕೆಲಸಗಳಲ್ಲಿ ಅಷ್ಟು ಚೆನ್ನಾಗಿ ಮಾಡಿದ್ದು ಇನ್ನೊಂದಿಲ್ಲ.

ಮೊದಲ ಕೆಲವು ದಿನ ಸಿದ್ದು ಉಣ್ಣಲಿಲ್ಲ. ಅವ್ವ ಬೇಕು ಎಂದು ಅಲ್ಲ, ಆಡು ಬೇಕು ಎಂದು. ಅತ್ತೆ ಮೊದಲು ಬೈದಳು, ಆಮೇಲೆ ಬಿಸ್ಕೀಟು ತಂದಳು, ಆಮೇಲೆ ಸುಮ್ಮನೆ ಮಶೀನಿನ ಮುಂದೆ ಹೋಗಿ ಕೂತಳು. ಅವಳ ಬೆನ್ನು ನೋಡಿ ನನಗೆ ಹೆದರಿಕೆಯಾಯಿತು. ಬ್ಯಾಸರ ಬಂತು, ಇನ್ನು ಕಳಸ್ತಾಳೆ ಎಂದುಕೊಂಡೆ.

ರದ್ದಿ ಚೀಲದಿಂದ ಒಂದು ಸೀಳಿದ ತಾಟು ತೆಗೆದೆ. ನಡುವೆ ಮಡಚಿದರೆ ಅರ್ಧ ಚಂದ್ರನ ಹಾಗಾಯಿತು. ನೆಲದ ಮೇಲೆ ನಿಲ್ಲಿಸಿದರೆ ಬೆನ್ನು ಮೇಲೆ, ಹೊಟ್ಟೆ ಕೆಳಗೆ. ಹೊಟ್ಟೆಯ ಕಡೆಯಿಂದ ಒಂದು ತುಂಡು ಕತ್ತರಿಸಿದೆ, ಕಾಲುಗಳಾದವು. ಆ ತುಂಡೇ ತಲೆಯಾಯಿತು. ನಿರಿಗೆಯ ಅಂಚನ್ನು ಕತ್ತರಿಸಿ ಕಿವಿ ಮಾಡಿದೆ. ಚೀಲದ ನಾರು ಎಳೆದು ಗಡ್ಡ ಅಂಟಿಸಿದೆ. ಅಂಟು ಎಲ್ಲಿಯದು, ಗಂಜಿ ಹಚ್ಚಿದೆ. ಒಲೆಯ ಇದ್ದಲಿಯಿಂದ ಮೈಯೆಲ್ಲ ಕಪ್ಪು ಬಳಿದೆ. ಒಂದು ಕಿವಿ ಮಾತ್ರ ಬಿಳಿ ಬಿಟ್ಟೆ. ಅದನ್ನು ಹಿಡಿದು ಅಡುಗೆ ಕೋಣೆಯ ಬಾಗಿಲ ಸಂದಿಯಿಂದ "ಮ್ಯಾ" ಎಂದೆ.

ಸಿದ್ದು ಅಳು ನಿಲ್ಲಿಸಿ ಬಂದ. ಬಹಳ ಹೊತ್ತು ನೋಡಿದ. ನನಗೆ ಕಲೆ ಬರುತ್ತಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಪಕ್ಕದ ಮನೆಯ ಬಾನೂಬಿ ಅದನ್ನು ನೋಡಿ, "ಯೇ ಬಕ್ರಿ ಹೈ ಕಿ ಬಿಲ್ಲಿ?" ಎಂದು ಕೇಳಿದ್ದರು. ಆಡೋ ಬೆಕ್ಕೋ ಎಂದು ದೊಡ್ಡವರಿಗೇ ಅನುಮಾನ. ಸಿದ್ದುವಿಗೆ ಅನುಮಾನ ಬರಲಿಲ್ಲ. ಅವನು ಬಿಳಿ ಕಿವಿ ಮುಟ್ಟಿ, "ದಾರಿ ಹ್ಯಾಂಗ ಸಿಕ್ತು?" ಎಂದು ಅದನ್ನೇ ಕೇಳಿದ. ಆ ದಿನ ರೊಟ್ಟಿ ತಿಂದ. ಅದಕ್ಕೂ ತಿನ್ನಿಸಿದ.

ಅಲ್ಲಿಂದ ಮುಂದೆ ಆಡುಗಳ ಕಾರಖಾನೆಯೇ ಸುರುವಾಯಿತು. ಗಂಜಿಗೆ ಇರುವೆ ಬಂದು ಒಂದು ಹೋಗುತ್ತಿತ್ತು, ಸಿದ್ದು ನೀರು ಕುಡಿಸಲು ಹೋಗಿ ಇನ್ನೊಂದು ಮೆತ್ತಗಾಗುತ್ತಿತ್ತು. ಬಾನೂಬಿಯವರ ಸಣ್ಣ ಮಕ್ಕಳೂ ಬಂದು ಕೂತವು. ಅವಕ್ಕೆ ಕೋಳಿ ಬೇಕು, ಕುದುರೆ ಬೇಕು. ಆ ಬೇಸಿಗೆ ಓಣಿಯಲ್ಲಿ ನೀರಿನ ಕೊಡಗಳ ಸಾಲು ಬೆಳಿಗ್ಗೆಯಿಂದ ನಿಂತೇ ಇರುತ್ತಿತ್ತು. ನಮ್ಮ ಸರದಿ ಬರುವವರೆಗೆ ಕೊಡದ ಪಕ್ಕದಲ್ಲೇ ಕೂತು ನಾವು ತಾಟು ಕತ್ತರಿಸುತ್ತಿದ್ದೆವು. ಇವತ್ತಿಗೂ ನನಗೆ ಬರುವ ವಿದ್ಯೆ ಅಷ್ಟೇ. ಟ್ರೇನಿಂಗಿನಲ್ಲಿ ಕಲಿಸಿದ್ದೆಲ್ಲ ಮರೆತಿದೆ.

ಒಂದು ಮಧ್ಯಾಹ್ನ ಅತ್ತೆ ಮಶೀನು ನಿಲ್ಲಿಸಿ ಬಂದು ನನ್ನ ಎದುರು ಕೂತಳು. "ಏ ಪೋರಿ, ಕಾಲು ಹ್ಯಾಂಗ ಕತ್ತರಸ್ತಿ ತೋರ್ಸು" ಎಂದಳು. ನನಗೆ ಹಿಗ್ಗೋ ಹಿಗ್ಗು. ಅತ್ತೆಯಂಥ ಅತ್ತೆಗೆ ನಾನು ಕಲಿಸುವುದೆಂದರೆ! ತೋರಿಸಿದೆ. ಅವಳ ಬೆರಳುಗಳು ಅಚ್ಚಿನ ಬಿಸಿಗೆ ಗಡುಸಾಗಿದ್ದವು, ಕತ್ತರಿಸುವಾಗ ಆಡಿನ ಕಿವಿ ಎರಡು ಸಲ ಹರಿಯಿತು. "ಹಂಗಲ್ಲ ಅತ್ತಿ, ಅಂಚಿನ ಕಡಿಂದ" ಎಂದು ಅವಳ ಕೈ ಹಿಡಿದು ತಿದ್ದಿದೆ. ಸಂಜೆ ಅವಳು ಮಾಡಿದ ಆಡನ್ನು ಹಿಡಿದುಕೊಂಡು ಸಿದ್ದುವಿನ ಬಾಯಿಗೆ ತುತ್ತು ಕೊಡುತ್ತಿದ್ದಳು. "ನೋಡು, ಆಡು ಉಣ್ಲಾಕತ್ತದ. ನೀನೂ ಉಣ್ಣು ನನ್ನ ರಾಜಾ." ನಾನು ಇನ್ನೊಂದು ಕಡೆ ಕೂತು "ಮ್ಯಾ" ಎನ್ನುತ್ತಿದ್ದೆ. ಸ್ವಲ್ಪ ದಿನದಲ್ಲಿ "ಮ್ಯಾ" ಅನ್ನುವುದನ್ನೂ ಅವಳೇ ಅನ್ನತೊಡಗಿದಳು. ನನಗೆ ಪ್ಲೇಟು ಜೋಡಿಸಿ ಕಟ್ಟು ಕಟ್ಟುವ ಕೆಲಸ ಬಂತು.

ಅತ್ತೆ ಕೆಟ್ಟವಳಾಗಿರಲಿಲ್ಲ. ನನಗೂ ಹೊಟ್ಟೆ ತುಂಬ ಹಾಕಿದಳು, ತಲೆ ಬಾಚಿದಳು, ಹಬ್ಬಕ್ಕೆ ಲಂಗ ಹೊಲಿಸಿದಳು. ಕೆಟ್ಟವಳಾಗಿದ್ದರೆ ನನಗೆ ಸಲೀಸಾಗುತ್ತಿತ್ತು.

ಬೇಸಿಗೆ ಮುಗಿಯುತ್ತ ಬಂದಾಗ ಸಿದ್ದುವನ್ನು ಓಣಿಯ ಕೊನೆಯ ಬಾಲವಾಡಿಗೆ ಹಚ್ಚಲು ಹೊರಟಳು. ನಾನೂ ಹೋದೆ. ಅಲ್ಲಿಯ ಟೀಚರು, "ತಂದಿ ಹೆಸರು ಏನ್ರಿ?" ಎಂದು ಕೇಳಿದರು. ಅತ್ತೆ ಮಾಮಾನ ಹೆಸರು ಹೇಳಿದಳು. ಅವಳು ಪ್ರಶ್ನೆ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದುಕೊಂಡು ನಾನು, "ಅಲ್ರಿ ಟೀಚರ್, ಅದು ನಮ್ಮ ಮಾಮಾನ ಹೆಸರು. ನಮ್ಮಪ್ಪ..." ಎಂದೆ. ಅತ್ತೆಯ ಕೈ ನನ್ನ ಹೆಗಲ ಮೇಲೆ ಬಂತು. ಹೊಡೆಯಲಿಲ್ಲ, ಚಿವುಟಲಿಲ್ಲ. ಹೆಗಲ ಮೇಲೆ ಅಚ್ಚು ಇಳಿದ ಹಾಗೆ ಸುಮ್ಮನೆ ಒತ್ತಿ ಹಿಡಿದಳು. "ನಮ್ಮ ತಮ್ಮನ ಮಗಳು ರಿ. ಊರಿಂದ ಬಂದಾಳ. ಬ್ಯಾಸಗಿ ಸೂಟಿಗಿ" ಎಂದು ಟೀಚರಿಗೆ ಹೇಳಿದಳು.

ದಾರಿಯಲ್ಲಿ ನಳದಿಂದ ಕೊಡ ತುಂಬಿಕೊಂಡು ಬರುವಾಗ ನಾನು ಕೇಳಿದೆ, "ನನಗೂ ಇಲ್ಲೇ ಸಾಲಿಗಿ ಹಚ್ಚು ಅತ್ತಿ."

"ನೀ ವಾಪಸ್ ಹೋಗಾಕಿ ಅಲ್ಲ?" ಎಂದಳು.

"ಸಿದ್ದು?"

ಅವಳು ಕೊಡವನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು ಮುಂದೆ ನಡೆದಳು.

ಮಳೆ ಬಿತ್ತು. ಅಪ್ಪ ಅವ್ವ ಬಂದರು. ಅವ್ವ ಅರ್ಧಕ್ಕರ್ಧ ಇಳಿದಿದ್ದಳು, ಸಿಮೆಂಟು ತಿಂದು ಅಂಗೈ ಬಿರಿದಿತ್ತು. ಅವಳು ಬಾಗಿಲಲ್ಲೇ ಕೂತು, "ಬಾ ಸಿದ್ದು" ಎಂದು ಕೈ ಚಾಚಿದಳು. ಅವನು ಅತ್ತೆಯ ಸೀರೆ ಹಿಡಿದು ಹಿಂದೆ ನಿಂತ. "ಅವ್ವ, ಅವರು ಯಾರು?" ಎಂದು ಅತ್ತೆಯನ್ನು ಕೇಳಿದ.

ಅತ್ತೆಗೆ ಅವನು ಅವ್ವ ಎನ್ನತೊಡಗಿ ಆಗಲೇ ಬಹಳ ದಿನವಾಗಿತ್ತು. ನಾನೂ ಕೇಳಿದ್ದೆ. ಸಣ್ಣವನಿಗೆ ತಿಳಿಯುವುದಿಲ್ಲ ಎಂದುಕೊಂಡು ನಕ್ಕಿದ್ದೆ.

ಚಹಾ ಆಯಿತು. ದೊಡ್ಡವರು ಮಾತಿಗೆ ಕೂತರು. ನಾನು ಮಶೀನಿನ ಹಿಂದೆ ನಿಂತಿದ್ದೆ. ಸಿದ್ದುವನ್ನು ತಾನೇ ಇಟ್ಟುಕೊಳ್ಳುವ ಮಾತನ್ನು ಅತ್ತೆ ಮೊದಲೇ ಅಪ್ಪನಿಗೆ ಹೇಳಿ ಕಳಿಸಿದ್ದಳೆಂದು ಕಾಣುತ್ತದೆ, ಯಾರೂ ಆಶ್ಚರ್ಯಪಡಲಿಲ್ಲ. ಅಪ್ಪ ಚಹಾದ ಕಪ್ಪು-ಬಸಿಯನ್ನು ನೆಲದ ಮೇಲೆ ತಿರುಗಿಸುತ್ತ, "ಇರ್ಲಿ. ಇಲ್ಲಿ ಸಾಲಿ ಅದ, ಊಟ ಅದ. ಮುಂದಿನ ವರ್ಷ ಮಳಿ ಹ್ಯಾಂಗೋ ಏನೋ" ಎಂದ. ಮಾಮಾ ಒಬ್ಬನೇ, "ಇನ್ನೊಮ್ಮಿ ವಿಚಾರ ಮಾಡ್ರಿ. ತಾಯಿಗಿ ಕೇಳ್ರಿ" ಎಂದ. ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ತನ್ನ ಅಂಗೈ ನೋಡಿಕೊಂಡಳು. "ನನಗೇನ್ ಕೇಳ್ತೀರಿ? ಅಂವಗ ನನ್ನ ಗುರ್ತೇ ಇಲ್ಲ" ಎಂದಳು.

ನಾನು ಮಶೀನಿನ ಹಿಂದಿನಿಂದ ಹೊರಗೆ ಬಂದೆ. "ಹಂಗಾದ್ರ ನಾನೂ ಇಲ್ಲೇ ಇರ್ತೇನಿ" ಎಂದೆ. "ನನಗ ತಾಟು ಕಟ್ಟಲಾಕ ಬರ್ತದ. ನೀರು ತರ್ತೇನಿ. ಸಿದ್ದುನ ಕೂಡ ಇರ್ತೇನಿ."

ಅತ್ತೆ ನನ್ನ ಮುಖ ನೋಡದೆ, "ನೀ ಹೆಣ್ಣು ಪೋರಿ. ನಿಮ್ಮವ್ವಗ ಕೆಲಸಕ್ಕ ಬೇಕಲ್ಲ" ಎಂದಳು.

ಓದುಗರೇ, ನಾನು ಇಷ್ಟು ದೊಡ್ಡವಳಾಗಿ, ಎರಡು ಮಕ್ಕಳ ತಾಯಾಗಿ, ಇದನ್ನು ಹೀಗೆ ಹೇಳುವುದು ಚೆಂದವಲ್ಲ. ತಮ್ಮನನ್ನು ಕಳೆದುಕೊಂಡ ದುಃಖ ಎಂದು ಬರೆದರೆ ನೀವೂ ಮರುಗುತ್ತೀರಿ. ಆದರೆ ಅಂದು ನನ್ನ ಎದೆಯಲ್ಲಿ ಉರಿದದ್ದು ಅದೊಂದೇ ಅಲ್ಲ. ಆ ಮನೆಯಲ್ಲಿ ಒಂದು ಮಗುವಿಗೆ ಜಾಗವಿತ್ತು, ಎದುರಿಗೆ ಎರಡು ಮಕ್ಕಳಿದ್ದೆವು. ಆರಿಸಿಕೊಂಡರು. ನಾನು ಅವನನ್ನು ನಗಿಸಿ, ಉಣಿಸಿ, ಆ ಮನೆಗೆ ಹೊಂದಿಸಿ, ಅವನನ್ನು ಮುದ್ದಿಸುವುದು ಹೇಗೆಂದು ಅತ್ತೆಗೆ ಕೂಡ ಕಲಿಸಿ ಕೊಟ್ಟು, ಕೈಬೀಸಿಕೊಂಡು ಹೊರಟೆ.

ಬೀದರಿನಿಂದ ಸಂತಪುರದವರೆಗೆ ಬಸ್ಸಿನಲ್ಲಿ ಅವ್ವ ಅಳಲಿಲ್ಲ. ಕಿಟಕಿಯಾಚೆ ಹಸಿರು ಆಗಷ್ಟೇ ಚಿಗುರಿತ್ತು, ಅಪ್ಪ ಅದನ್ನೇ ನೋಡುತ್ತಿದ್ದ. ಸಂತಪುರದಲ್ಲಿ ಇಳಿಯುವಾಗ ಅವ್ವ ಗಂಟು ಕೆಳಗಿಟ್ಟು, ಮತ್ತೆ ಬಸ್ಸಿನ ಬಾಗಿಲ ಕಡೆ ತಿರುಗಿ ಎರಡೂ ಕೈ ಮೇಲಕ್ಕೆ ಚಾಚಿದಳು, ಕೂಸನ್ನು ಇಳಿಸಿಕೊಳ್ಳುವ ಹಾಗೆ. ಅಲ್ಲಿ ನಾನು ನಿಂತಿದ್ದೆ. ಕಂಡಕ್ಟರು, "ಲಗೂ ಇಳೀರಿ" ಎಂದ. ಅವ್ವ ಕೈ ಇಳಿಸಿಕೊಂಡಳು.

ಮುಂದಿನ ವರ್ಷ ಕಬ್ಬಿನ ಹಂಗಾಮಿಗೆ ನಾನೂ ಅವರ ಜೊತೆ ಹೋದೆ. ಶಾಲೆ ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಹೇಗೋ ಹತ್ತನೆಯದು ದಾಟಿ, ಮದುವೆಯಾದ ಮೇಲೆ ಭಾಲ್ಕಿಯಲ್ಲಿ ನರ್ಸರಿ ಟ್ರೇನಿಂಗ್ ಮಾಡಿಕೊಂಡೆ. ಸಿದ್ದು ಬೀದರಿನಲ್ಲಿ ಡಿಪ್ಲೊಮಾ ಓದಿದ, ನೌಕರಿ ಹಿಡಿದ. ಲಗ್ನಗಳಲ್ಲಿ, ಸತ್ತವರ ಮಣ್ಣುಗಳಲ್ಲಿ ಸಿಗುತ್ತಿದ್ದ. ನಮ್ಮಪ್ಪನಿಗೆ ಮಾಮಾ ಎನ್ನುತ್ತಿದ್ದ, ನನಗೆ ಅಕ್ಕಾರ. ಅಕ್ಕ ಅಲ್ಲ, ಹೊರಗಿನ ಹೆಣ್ಣುಮಕ್ಕಳಿಗೆ ಮರ್ಯಾದೆಗೆ ಅನ್ನುವ ಅಕ್ಕಾರ. ಅವನಿಗೆ ವಿಷಯ ಗೊತ್ತಿಲ್ಲವೆಂದಲ್ಲ. ಓಣಿಯ ಹುಡುಗರು ಸಣ್ಣಂದಿನಲ್ಲೇ ಹೇಳಿ ಕಾಡಿದ್ದರಂತೆ. ಗೊತ್ತಿದ್ದೂ ಯಾರೂ ಮಾತಾಡದ ವಿಷಯ ಎಲ್ಲ ಮನೆಗಳಲ್ಲೂ ಒಂದಿರುತ್ತದೆ, ನಮ್ಮಲ್ಲಿ ಇದು. ನನ್ನ ಲಗ್ನದ ಅರಿಸಿನದ ದಿನ ಗಂಡಿನ ಕಡೆಯ ಯಾರೋ ಒಬ್ಬ ಹೆಂಗಸು ಸಂಬಂಧ ಕೇಳಿ ತಿಳಿದುಕೊಂಡು, ಚೇಷ್ಟೆಗೆಂದು, "ಅತ್ತಿ ಮಗ ಮನ್ಯಾಗ ಇದ್ರೂ ಹೊರಗ ಕೊಡ್ಲಾಕತ್ತೀರಲ್ರಿ, ಪೋರ ಸಣ್ಣವ ಅಂತ ಬಿಟ್ರೇನು?" ಎಂದು ನಗಿಸಿದಳು. ಎಲ್ಲರೂ ನಕ್ಕರು. ಸಿದ್ದುವೂ ತಲೆ ಬಗ್ಗಿಸಿ ನಕ್ಕ. ಅವ್ವ ಅರಿಸಿನದ ಬಟ್ಟಲು ಅಲ್ಲೇ ಇಟ್ಟು ಎದ್ದು ಒಳಗೆ ಹೋದಳು. ಆ ಅರಿಸಿನ ಆಮೇಲೆ ಬೇರೆ ಯಾರೋ ಹಚ್ಚಿದರು. ಈಗ ಅಪ್ಪ ಇಲ್ಲ, ಅವ್ವ ಇಲ್ಲ, ಶಾಂತತ್ತೆಯೂ ಹೋದ ವರ್ಷ ತೀರಿಕೊಂಡಳು. ಅವ್ವ ಸತ್ತಾಗ ಸಿದ್ದು ಬಂದಿದ್ದ. ನೆಂಟರ ಸಾಲಿನಲ್ಲಿ ನಿಂತು ಹೂ ಹಾಕಿ, ಸಂಜೆಯ ಬಸ್ಸಿಗೆ ಹೋದ.

ಮೊನ್ನೆ ಭಾನುವಾರ ಅವನು ಭಾಲ್ಕಿಯಲ್ಲಿ ಯಾವುದೋ ಮದುವೆಗೆ ಬಂದವ ನಮ್ಮ ಮನೆಗೂ ಬಂದ. ಜೊತೆಗೆ ನಾಲ್ಕು ವರ್ಷದ ಮಗಳು. ಹೆಂಡತಿ ಮದುವೆ ಮನೆಯಲ್ಲೇ ಉಳಿದಿದ್ದಳು. ನನ್ನ ಮುಂದೆ ಪ್ಲೇಟುಗಳ ರಾಶಿ. ಮರುದಿನ ಶಾಲೆಯಲ್ಲಿ ಯಾರೋ ನೋಡಲು ಬರುವವರಿದ್ದರು, ದೊಡ್ಡ ಟೀಚರು ಸಿಂಹಗಳನ್ನು ಮನೆಯಲ್ಲೇ ಸಿದ್ಧಪಡಿಸಲು ಹೇಳಿದ್ದರು. ಮಕ್ಕಳ ಕೈಕೆಲಸ ಹೀಗೂ ಆಗುತ್ತದೆ. ಹುಡುಗಿ ಕತ್ತರಿ ಕೇಳಿತು. ಸಿದ್ದು ಕುರ್ಚಿ ಬಿಟ್ಟು ನೆಲಕ್ಕೆ ಕೂತ, ಒಂದು ಪ್ಲೇಟು ಎತ್ತಿಕೊಂಡ. ನಡುವೆ ಮಡಚಿದ. ಹೊಟ್ಟೆಯ ಕಡೆಯಿಂದ ತುಂಡು ಕತ್ತರಿಸಿ ಕಾಲು ಮಾಡಿದ, ಆ ತುಂಡನ್ನೇ ತಲೆ ಮಾಡಿದ. ಅಂಚಿನ ಕಡೆಯಿಂದ ಕಿವಿ.

"ನಮ್ಮವ್ವ ಹಿಂಗ ಮಾಡಿ ಕೊಡ್ತಿದ್ಳು ನನಗ" ಎಂದ ಮಗಳಿಗೆ. "ನಾ ದೊಡ್ಡ ಸಾಲಿಗಿ ಹೋಗೋತನ ಮಾಡ್ಯಾಳ. ಮಶೀನ್ ಬಂದ್ ಮಾಡಿ ಮಾಡ್ತಿದ್ಳು."

ಸುಳ್ಳಲ್ಲ ಅದು. ನಾನು ಹೋದ ಮೇಲೂ ಅವಳು ವರ್ಷಾನುಗಟ್ಟಲೆ ಮಾಡಿ ಕೊಟ್ಟಿರಬೇಕು. ನಾನು ಕೈಯಲ್ಲಿದ್ದ ಸಿಂಹವನ್ನು ಕೆಳಗಿಟ್ಟೆ.

"ಆಕಿಗಿ ಕಲಿಸಿದಾಕಿ ನಾನು" ಎಂದೆ.

ಅವನು ನಕ್ಕ. ಮರ್ಯಾದೆಯ ನಗು. "ಹೌದೇನ್ರಿ ಅಕ್ಕಾರ? ಅವ್ವ ಒಮ್ಮಿನೂ ಹೇಳ್ಲಿಲ್ಲ ನೋಡ್ರಿ." ಆಮೇಲೆ, ಮಾತು ಮುಂದುವರಿಸಬೇಕಲ್ಲ ಎನ್ನುವಂತೆ, "ಆವಾಗ ನೀವು ಎಷ್ಟು ದಿನ ಇದ್ರಿ ನಮ್ಮ ಮನ್ಯಾಗ?" ಎಂದ.

ನಮ್ಮ ಮನೆಯಲ್ಲಿ. ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ.

"ಮಳಿ ಬೀಳೋತನ ಇದ್ದೆ" ಎಂದೆ. "ಇಬ್ಬರೂ ಕೂಡೇ ಬಂದಿದ್ವಿ ಸಿದ್ದು. ನಾ ಒಬ್ಬಾಕಿ ಹೋದೆ."

ಇಷ್ಟು ವರ್ಷಗಳಲ್ಲಿ ಯಾರೂ ಅವನ ಎದುರು ಆಡದ ಮಾತು ಅದು. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ.  ಅವನು ಕಿವಿ ಅಂಟಿಸುವುದನ್ನು ನಿಲ್ಲಿಸಿದ. ಬೆರಳಿಗೆ ಹತ್ತಿದ ಅಂಟನ್ನು ಉಜ್ಜಿ ಉಜ್ಜಿ ತೆಗೆದ. ಮಗಳು, "ಪಪ್ಪಾ, ಬಾಲ" ಎಂದಿತು. ಅವನು ಬಾಲ ಅಂಟಿಸಿ ಕೊಟ್ಟ, ಎದ್ದು ನಿಂತ, "ಬರ್ತೀವ್ರಿ, ಅಲ್ಲಿ ಊಟಕ್ಕ ದಾರಿ ಕಾಯ್ತಿರ್ತಾರ" ಎಂದ. ಚಹಾ ಕುಡಿದು ಹೋಗೆಂದೆ. ಇನ್ನೊಮ್ಮೆ ಎಂದ.

ಅಂಗಳದಲ್ಲಿ ಬೈಕು ಏರುವಾಗ ಮಗಳಿಗೆ, "ಆಂಟಿಗಿ ಬಾಯ್ ಮಾಡು" ಎಂದ.

"ಆಂಟಿ ಅಲ್ಲವ್ವ" ಎಂದೆ ನಾನು. "ಅತ್ತಿ. ನಿಮ್ಮಪ್ಪನ ಒಡಹುಟ್ಟಿದಾಕಿ."

ಹುಡುಗಿ ತಂದೆಯ ಮುಖ ನೋಡಿತು. ಯಾವುದು ಸರಿ ಎಂದು ಅವನೇ ಹೇಳಬೇಕಿತ್ತು. ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ, ಬಿಗಿಯುತ್ತಲೇ ಇದ್ದ. ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಬೈಕು ಸುರುಮಾಡಿ, ತಿರುವಿನಲ್ಲಿ ಒಮ್ಮೆ ಕೈ ಎತ್ತಿ ಹೋದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಮ್ಮ ಯಜಮಾನರು, "ಅಲ್ಲ ಅನ್ನಲಿಲ್ಲಲ್ಲ, ಅದೇ ದೊಡ್ಡದು ಬಿಡು" ಎಂದರು. ಒಳ್ಳೆಯ ಮನುಷ್ಯ, ನನ್ನ ಸಮಾಧಾನಕ್ಕೆಂದೇ ಅಂದದ್ದು. ನನಗೆ ಅದು ದೊಡ್ಡದಾಗಿ ಕಾಣಲಿಲ್ಲ. ಹಾಗೆಂದು ಅವರಿಗೂ ಹೇಳಿದೆ.